ಸಾಕಿದ ಬೆಕ್ಕು ಕಚ್ಚುವುದೇಕೆ?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳು ರಾಗಿಯ ಸೀಮೆ. ರಾಗಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಇದು ನಮ್ಮ ಹಳ್ಳಿಗಳ ಹಳೆಯ ಲೆಕ್ಕ. ಕಾಳನ್ನು ಹಗೇವುಗಳಲ್ಲಿಯೂ ವಾಡೆಗಳಲ್ಲಿಯೂ ತುಂಬಿಡುತ್ತಿದ್ದ ಕಾಲದಲ್ಲಿ ಬೆಕ್ಕು ಮನೆಯ ಕಾವಲುಗಾರನಾಗಿತ್ತು. ರೇಷ್ಮೆಹುಳು ಸಾಕುವ ಮನೆಗಳಲ್ಲಿ ಅದರ ಅಗತ್ಯ ಇಂದಿಗೂ ತಪ್ಪಿಲ್ಲ. ಇಲಿಗಳು ಹಣ್ಣಾದ ಹುಳುಗಳನ್ನು ತಿನ್ನುವುದಲ್ಲದೆ, ಕಟ್ಟಿದ ಗೂಡನ್ನೂ ಕಡಿದು ಹಾಳುಮಾಡುತ್ತವೆ. ಒಂದು ತಿಂಗಳ ದುಡಿಮೆ ಒಂದೆರಡು ರಾತ್ರಿಗಳಲ್ಲಿ ನಷ್ಟವಾಗಬಹುದು.

ಇಂತಹ ಉಪಕಾರಿಯಾದ ಪ್ರಾಣಿ ಒಂದು ದಿನ, ತನಗೆ ಹಾಲು ಹಾಕುವ ಹುಡುಗಿಯ ಕೈಯನ್ನೇ ಕಚ್ಚಿಬಿಡುತ್ತದೆ. ಆಗ ಸಾಮಾನ್ಯವಾಗಿ ಎರಡು ಕೆಲಸಗಳು ನಡೆಯುತ್ತವೆ. ಉಂಡ ಮನೆಗೆ ದ್ರೋಹ ಬಗೆಯಿತೆಂದು ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬರುವುದು ಒಂದು. ಗಾಯ ಸಾಸಿವೆಯಷ್ಟೇ ಇದೆಯಲ್ಲಾ ಎಂದು ಅದಕ್ಕೆ ಅರಿಸಿನ ಹಚ್ಚಿ ಮರೆತುಬಿಡುವುದು ಇನ್ನೊಂದು. ಮೊದಲನೆಯದರಿಂದ ಬೆಕ್ಕಿಗೆ ಅನ್ಯಾಯವಾಗುತ್ತದೆ. ಎರಡನೆಯದರಿಂದ ಹುಡುಗಿಯ ಪ್ರಾಣಕ್ಕೇ ಅಪಾಯ ಬರಬಹುದು. ಬೆಕ್ಕಿನ ಕಡಿತವನ್ನು ನಾವು ಸರಿಯಾಗಿ ತಿಳಿದುಕೊಂಡರೆ ಈ ಎರಡು ತಪ್ಪುಗಳೂ ತಪ್ಪುತ್ತವೆ.

ತಾನಾಗಿ ಬಂದ ಬೇಟೆಗಾರ

ಎತ್ತು, ಕುರಿ, ಕೋಳಿಗಳನ್ನು ಮನುಷ್ಯನು ಹಿಡಿದು ತಂದು ಪಳಗಿಸಿದನು. ತನಗೆ ಬೇಕಾದ ಗುಣಗಳುಳ್ಳವನ್ನು ಆರಿಸಿ ತಲೆಮಾರುಗಳವರೆಗೆ ಬೆಳೆಸಿದನು. ಬೆಕ್ಕಿನ ಕಥೆ ಬೇರೆ. ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಕಾಡುಬೆಕ್ಕು ಅದರ ಮೂಲಪುರುಷ. ಮನುಷ್ಯನು ಬೇಸಾಯ ಕಲಿತು ಧಾನ್ಯವನ್ನು ಕೂಡಿಟ್ಟಾಗ ಇಲಿಗಳು ಬಂದವು. ಇಲಿಗಳನ್ನು ಹುಡುಕಿಕೊಂಡು ಕಾಡುಬೆಕ್ಕೂ ಕಣಜದ ಬಳಿಗೆ ಬಂದಿತು. ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಸಮಾಧಿಯೊಂದು ದೊರೆತಿದೆ. ಅದರಲ್ಲಿ ಮನುಷ್ಯನ ಪಕ್ಕದಲ್ಲಿಯೇ ಒಂದು ಬೆಕ್ಕನ್ನು ಹೂಳಲಾಗಿತ್ತು. ಆ ದ್ವೀಪದಲ್ಲಿ ಬೆಕ್ಕುಗಳು ಸಹಜವಾಗಿ ಇರಲಿಲ್ಲವಾದ ಕಾರಣ, ಅವನ್ನು ದೋಣಿಯಲ್ಲಿ ಒಯ್ದಿರಬೇಕೆಂದು ವಿದ್ವಾಂಸರು 2004ರಲ್ಲಿ ಪ್ರಕಟಿಸಿದರು.

ಇಷ್ಟು ಹಳೆಯ ಸ್ನೇಹವಾದರೂ ಬೆಕ್ಕಿನ ಬೇಟೆಯ ಸ್ವಭಾವವನ್ನು ಅಳಿಸಲು ಯಾರೂ ಪ್ರಯತ್ನಿಸಲಿಲ್ಲ. ಹಾಗೆ ಅಳಿಸುವುದು ಯಾರಿಗೂ ಬೇಕಾಗಿಯೂ ಇರಲಿಲ್ಲ. ಅದರ ಹಲ್ಲುಗಳಿಗಾಗಿಯೇ ಅದನ್ನು ಮನೆಯಲ್ಲಿಟ್ಟುಕೊಂಡೆವು. ಆದ್ದರಿಂದ ಅದಕ್ಕೆ ಹಲ್ಲುಗಳಿವೆಯೆಂದು ಈಗ ದೂರುವುದು ಅಷ್ಟು ನ್ಯಾಯವಲ್ಲ.

ಬೆಳೆದ ಬೆಕ್ಕಿಗೆ 30 ಹಲ್ಲುಗಳುಂಟು. ಅವುಗಳಲ್ಲಿ ನಾಲ್ಕು ಕೋರೆಹಲ್ಲುಗಳು ಸೂಜಿಯಂತೆ ಸಪುರವಾಗಿವೆ. ಬೆಕ್ಕು ಇಲಿಯ ಕುತ್ತಿಗೆಯನ್ನು ಹಿಡಿದಾಗ ಕೋರೆಹಲ್ಲು ಎರಡು ಮೂಳೆಗಳ ನಡುವಿನ ಸಂದಿನಲ್ಲಿ ಇಳಿದು ಬೆನ್ನುಹುರಿಯನ್ನು ಕಡಿದುಬಿಡುತ್ತದೆ. ಈ ಹಲ್ಲೇ ನಮ್ಮ ಕೈಯಲ್ಲಿ ಇಳಿದಾಗ ಮೇಲೆ ಕಾಣುವ ತೂತು ಚಿಕ್ಕದು, ಒಳಗಿನ ಗಾಯ ಆಳವಾದುದು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಲೇಖನದ ಕೊನೆಯಲ್ಲಿ ಇದು ಮತ್ತೆ ಬರುತ್ತದೆ.

ಮಿದುಳಿನಲ್ಲಿ ಎರಡು ದಾರಿಗಳು

ಕಚ್ಚಿದ ಬೆಕ್ಕು ಕೋಪಗೊಂಡಿತ್ತು ಎಂದು ನಾವೆಲ್ಲರೂ ಭಾವಿಸುತ್ತೇವೆ. ಇದು ಅರ್ಧ ಸತ್ಯ. ಸ್ವಿಟ್ಸರ್ಲೆಂಡಿನ ಜೂರಿಕ್ ನಗರದಲ್ಲಿ ವಾಲ್ಟರ್ ಹೆಸ್ ಎಂಬ ವಿಜ್ಞಾನಿ ಬೆಕ್ಕಿನ ಮಿದುಳಿನೊಳಗೆ ಕೂದಲಿನಷ್ಟು ಸಪುರವಾದ ತಂತಿಗಳನ್ನು ಇರಿಸಿ, ಅತ್ಯಲ್ಪ ವಿದ್ಯುತ್ತನ್ನು ಹರಿಸಿ ನೋಡಿದನು. ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಭಾಗವನ್ನು ಹೀಗೆ ಪ್ರಚೋದಿಸಿದಾಗ, ಶಾಂತವಾಗಿ ಕುಳಿತಿದ್ದ ಬೆಕ್ಕು ಒಮ್ಮೆಲೆ ರೋಮ ನಿಗುರಿಸಿ, ಬೆನ್ನು ಬಾಗಿಸಿ, ಬುಸುಗುಟ್ಟಿ ಪಂಜವೆತ್ತಿತು. ವಿದ್ಯುತ್ತು ನಿಂತೊಡನೆ ಕೋಪವೂ ನಿಂತಿತು! ಮಿದುಳಿನ ಈ ಭಾಗವು ಒಳಅಂಗಗಳನ್ನು ಹೇಗೆ ನಿಯಂತ್ರಿಸುತ್ತದೆಂಬುದನ್ನು ತೋರಿಸಿಕೊಟ್ಟುದಕ್ಕಾಗಿ ಹೆಸ್‌ನಿಗೆ 1949ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ವಾಸ್ಮನ್ ಮತ್ತು ಫ್ಲಿನ್ ಎಂಬುವರು 1962ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹೈಪೊಥಲಾಮಸ್ಸಿನ ಒಳಮಗ್ಗುಲನ್ನು ಪ್ರಚೋದಿಸಿದರೆ ಹೆಸ್ ಕಂಡಂತಹ ಗದ್ದಲದ ಸಿಟ್ಟು. ಹೊರಮಗ್ಗುಲನ್ನು ಪ್ರಚೋದಿಸಿದರೆ ಸಿಟ್ಟಿನ ಯಾವ ಗುರುತೂ ಇಲ್ಲ. ಬೆಕ್ಕು ಸದ್ದಿಲ್ಲದೆ ಎದ್ದು, ತಲೆ ತಗ್ಗಿಸಿ, ಎದುರಿನ ಇಲಿಯ ಬಳಿ ಸಾರಿ, ಅದರ ಕತ್ತನ್ನು ಕಚ್ಚುತ್ತದೆ. ಕಚ್ಚುವ ಬಾಯಿ ಒಂದೇ ಆದರೂ ಅದರ ಹಿಂದಿನ ದಾರಿಗಳು ಎರಡು. ಒಂದು ಬೇಟೆಯ ದಾರಿ, ಇನ್ನೊಂದು ಆತ್ಮರಕ್ಷಣೆಯ ದಾರಿ. ಬೇಟೆಯ ಕಡಿತಕ್ಕೂ ದ್ವೇಷಕ್ಕೂ ಸಂಬಂಧವಿಲ್ಲ; ರಕ್ಷಣೆಯ ಕಡಿತಕ್ಕೆ ಮೂಲ ಭಯ. ನಮ್ಮ ಮನೆಯ ಬೆಕ್ಕು ಕಚ್ಚಿದಾಗ ಇವೆರಡರಲ್ಲಿ ಯಾವುದೆಂದು ಕೇಳಿಕೊಂಡರೆ ಪರಿಹಾರದ ಅರ್ಧಭಾಗ ದೊರೆತಂತೆ.

ಆಟವೆಂಬ ಬೇಟೆ

ಮರಿಬೆಕ್ಕುಗಳ ಕಡಿತದಲ್ಲಿ ಹೆಚ್ಚಿನದು ಮೊದಲನೆಯ ಬಗೆಯದು. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯನ್ನು ಕಟ್ಟಿದವರು ಬೆಕ್ಕನ್ನು ಚೆನ್ನಾಗಿ ನೋಡಿದ್ದವರು. ಬೆಕ್ಕಿನ ಆಟವೂ ಬೇಟೆಯೂ ಒಂದೇ ಬಗೆಯ ಚಲನೆಗಳಿಂದ ಆದವು: ಹೊಂಚುವುದು, ಹಿಂಗಾಲುಗಳನ್ನು ಅಲುಗಿಸುವುದು, ನೆಗೆಯುವುದು, ತಬ್ಬಿ ಹಿಡಿಯುವುದು, ಕಚ್ಚುವುದು. ಈ ಸರಣಿಯನ್ನು ಆರಂಭಿಸಲು ಒಂದು ಚಿಕ್ಕ ವಸ್ತುವಿನ ಚಲನೆ ಸಾಕು. ಸುಮಾರು 25 ಸೆಂಟಿಮೀಟರಿಗಿಂತ ಹತ್ತಿರದಲ್ಲಿರುವ ವಸ್ತು ಬೆಕ್ಕಿನ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಚಲಿಸುವುದು ಮಾತ್ರ ಥಟ್ಟನೆ ಗೋಚರಿಸುತ್ತದೆ. ಹೊದಿಕೆಯ ಕೆಳಗೆ ಅಲುಗುವ ಕಾಲಿನ ಬೆರಳಿಗೂ ಗೋಣಿಯ ಕೆಳಗೆ ಅಲುಗುವ ಇಲಿಗೂ ಅದರ ಪಾಲಿಗೆ ಹೆಚ್ಚಿನ ಭೇದವಿಲ್ಲ.

ದೊಡ್ಡಬಳ್ಳಾಪುರದ ನೇಕಾರರ ಮನೆಯ ಬೆಕ್ಕಿಗೆ ಇಂತಹ ಪ್ರಲೋಭನೆ ದಿನವಿಡೀ ಎದುರಿಗೇ ಇರುತ್ತದೆ. ಮಗ್ಗದಲ್ಲಿ ಲಾಳಿ ಓಡುತ್ತದೆ, ನೂಲು ತಿರುಗುತ್ತದೆ, ಎಳೆಗಳು ಏರಿಳಿಯುತ್ತವೆ. ಮರಿಯನ್ನು ನೂಲಿನಿಂದ ಆಡಿಸುವುದು ಮಕ್ಕಳಿಗೂ ಸುಲಭ. ಆದರೆ ಇದರಲ್ಲಿ ಒಂದು ಅಪಾಯವುಂಟು. ಬೆಕ್ಕಿನ ನಾಲಗೆಯ ಮೇಲಿನ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುವುದರಿಂದ, ಬಾಯಿಗೆ ಸಿಕ್ಕ ಎಳೆಯನ್ನು ಉಗುಳುವುದು ಅದಕ್ಕೆ ಕಷ್ಟ. ನುಂಗಿದ ಎಳೆ ಕರುಳನ್ನು ನೆರಿಗೆಗಟ್ಟಿಸಿ ಕೊಯ್ಯಬಹುದು. ಬಾಯಿಯಿಂದಾಗಲಿ ಗುದದಿಂದಾಗಲಿ ನೂಲು ತೂಗುತ್ತಿದ್ದರೆ ಎಳೆಯಬಾರದು, ಪಶುವೈದ್ಯರಲ್ಲಿಗೆ ಒಯ್ಯಬೇಕು.

ಹಾಗಾದರೆ ಆಟ ಬೇಡವೆ? ಖಂಡಿತ ಬೇಕು, ಅದಕ್ಕೆ ಕೈ ಮಾತ್ರ ಗುರಿಯಾಗಬಾರದು. ಪುಟ್ಟ ಮರಿ ಬೆರಳನ್ನು ಕಚ್ಚಿದಾಗ ಕಚಗುಳಿಯಂತೆ ಇರುತ್ತದೆಂದು ನಾವು ನಗುತ್ತೇವೆ. ಅದೇ ಮರಿ ಆರು ತಿಂಗಳಲ್ಲಿ ಪೂರ್ಣ ಹಲ್ಲುಗಳನ್ನು ಪಡೆದು ಅದೇ ಆಟವನ್ನಾಡಿದಾಗ ಗದರುತ್ತೇವೆ. ಮರಿಗೆ ಈ ವ್ಯತ್ಯಾಸ ತಿಳಿಯುವ ಬಗೆಯೆಂತು? ಕೋಲಿನ ತುದಿಗೆ ಕಟ್ಟಿದ ಬಟ್ಟೆಯ ಗಂಟು ಅಥವಾ ಉರುಳುವ ಚೆಂಡು ಆಟಕ್ಕೆ ಸಾಕು. ಆಟ ಮುಗಿದಮೇಲೆ ಕೋಲನ್ನು ಎತ್ತಿಡಬೇಕು.

ತಾಯಿಯಿಂದಲೂ ಒಡಹುಟ್ಟಿದ ಮರಿಗಳಿಂದಲೂ ಕಲಿಯುವ ಪಾಠವೊಂದಿದೆ. ಒಂದು ಮರಿ ಇನ್ನೊಂದನ್ನು ಜೋರಾಗಿ ಕಚ್ಚಿದರೆ ಅದು ಕಿರುಚಿ ಆಟವನ್ನು ಬಿಟ್ಟು ಹೋಗುತ್ತದೆ. ಮೆಲ್ಲಗೆ ಕಚ್ಚಿದರೆ ಮಾತ್ರ ಆಟ ಮುಂದುವರಿಯುತ್ತದೆ. ಕಣ್ಣು ತೆರೆದ ಕೆಲವೇ ದಿನಗಳಲ್ಲಿ ತಾಯಿಯಿಂದ ಅಗಲಿಸಿದ ಮರಿಗೆ ಈ ಪಾಠ ತಪ್ಪಿಹೋಗುತ್ತದೆ. ಫಿನ್ಲೆಂಡಿನಲ್ಲಿ ಸುಮಾರು 5,700 ಬೆಕ್ಕುಗಳ ವಿವರಗಳನ್ನು ಕೂಡಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 8 ವಾರಗಳಿಗೆ ಮುಂಚೆ ತಾಯಿಯಿಂದ ಬೇರ್ಪಟ್ಟವುಗಳಲ್ಲಿ ಆಕ್ರಮಣದ ಸ್ವಭಾವ ಹೆಚ್ಚೆಂದು ಕಂಡುಬಂದಿತು. ಮರಿಯನ್ನು ಕೊಡುವವರೂ ತರುವವರೂ ಕೆಲವು ವಾರ ತಾಳಿದರೆ ಮುಂದಿನ ಎಷ್ಟೋ ಕಡಿತಗಳು ತಪ್ಪುತ್ತವೆ. ಮರಿಯ 2ರಿಂದ 7ನೆಯ ವಾರದವರೆಗಿನ ಕಾಲದಲ್ಲಿ, ತಾಯಿಯ ಬಳಿ ಇರುವಾಗಲೇ ಮನುಷ್ಯರು ಅದನ್ನು ಪ್ರತಿದಿನವೂ ಮೆಲ್ಲಗೆ ಎತ್ತಿ ಆಡಿಸಿದರೆ ಅದು ಮನುಷ್ಯರಿಗೆ ಹೆದರದೆ ಬೆಳೆಯುತ್ತದೆ.

ಕಣಜವಿಲ್ಲದ ಮನೆಯ ಬೆಕ್ಕು

ಈ ತಾಲ್ಲೂಕುಗಳ ಬದುಕು ವೇಗವಾಗಿ ಬದಲಾಗಿದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದಮೇಲೆ ಹೊಲಗಳಿದ್ದೆಡೆ ಬಡಾವಣೆಗಳೂ ಬಹುಮಹಡಿ ಕಟ್ಟಡಗಳೂ ಎದ್ದಿವೆ. ಇಲ್ಲಿ ಹಗೇವಿಲ್ಲ, ಹಟ್ಟಿಯಿಲ್ಲ, ಇಲಿಯೂ ಅಪರೂಪ. ಮೂರನೆಯ ಮಹಡಿಯ ಬೆಕ್ಕು ತಟ್ಟೆಯಲ್ಲಿ ಹಾಕಿದ್ದನ್ನು ತಿಂದು ಹಗಲೆಲ್ಲ ನಿದ್ರಿಸುತ್ತದೆ. ಸಂಜೆ ಮನೆಯವರು ಬಂದೊಡನೆ ಬಾಗಿಲ ಮರೆಯಲ್ಲಿ ಹೊಂಚಿ ಕಾಲಿಗೆ ಬೀಳುತ್ತದೆ. ಹೊಟ್ಟೆ ತುಂಬಿದ ಬೆಕ್ಕು ಏಕೆ ಹೀಗೆ ಮಾಡಬೇಕು? ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಪಾಲ್ ಲೈಹೌಸೆನ್ ಬೆಕ್ಕುಗಳನ್ನು ದೀರ್ಘಕಾಲ ಗಮನಿಸಿ, ಬೇಟೆಯ ಪ್ರವೃತ್ತಿ ಹಸಿವನ್ನೇ ಅವಲಂಬಿಸಿಲ್ಲವೆಂದು ತೋರಿಸಿದನು. ಹಸಿವು ಇಂಗಿದರೂ ಹೊಂಚುವ, ನೆಗೆಯುವ ಬಯಕೆ ಉಳಿದಿರುತ್ತದೆ.

ಈ ಬಯಕೆಗೆ ಆಟವೇ ಉಪಾಯವೆಂಬುದಕ್ಕೆ ಇಂಗ್ಲೆಂಡಿನಿಂದ ಒಂದು ಸಾಕ್ಷ್ಯ ದೊರೆತಿದೆ. ಎಕ್ಸೆಟರ್ ವಿಶ್ವವಿದ್ಯಾನಿಲಯದ ಸಂಶೋಧಕರು 219 ಮನೆಗಳ 355 ಬೆಕ್ಕುಗಳನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದಿನಕ್ಕೆ 5ರಿಂದ 10 ನಿಮಿಷ ಆಡಿಸಿದ ಬೆಕ್ಕುಗಳು ಹೊರಗಿನಿಂದ ಮನೆಗೆ ತರುವ ಬೇಟೆ ಶೇಕಡ 25ರಷ್ಟು ಕಡಿಮೆಯಾಯಿತು. ಮಾಂಸಾಂಶ ಹೆಚ್ಚಿರುವ ಆಹಾರ ಕೊಟ್ಟಾಗ ಶೇಕಡ 36ರಷ್ಟು ಕಡಿಮೆಯಾಯಿತು. ಸಂಜೆ ಹತ್ತು ನಿಮಿಷ ಚೆನ್ನಾಗಿ ಆಡಿಸಿ ಬಳಿಕ ಊಟ ಹಾಕಿದರೆ, ಬೇಟೆಯಾಡಿ ಉಂಡು ಮಲಗುವ ಸಹಜ ಕ್ರಮವೇ ಬೆಕ್ಕಿಗೆ ದೊರೆಯುತ್ತದೆ.

ಮುದ್ದು ಸಾಕೆಂಬ ಸೂಚನೆ

ತೊಡೆಯ ಮೇಲೆ ಮಲಗಿ ಗುರುಗುಟ್ಟುತ್ತಿದ್ದ ಬೆಕ್ಕು, ನೇವರಿಸುತ್ತಿದ್ದ ಕೈಯನ್ನೇ ಇದ್ದಕ್ಕಿದ್ದಂತೆ ಕಚ್ಚಿ ಓಡಿಹೋಗುವುದುಂಟು. ಇದನ್ನು ನಂಬಿಕೆದ್ರೋಹವೆಂದು ಕರೆಯುವವರು ಮುಂಚಿನ ಅರ್ಧ ನಿಮಿಷವನ್ನು ಗಮನಿಸಿರುವುದಿಲ್ಲ. ಒಂದೇ ಕಡೆ ಮತ್ತೆ ಮತ್ತೆ ನೇವರಿಸಿದಾಗ ಮೊದಲು ಹಿತವಾಗಿದ್ದುದು ಕ್ರಮೇಣ ಕಿರಿಕಿರಿಯಾಗುತ್ತದೆ. ಬೆಕ್ಕು ಅದನ್ನು ತನ್ನ ಭಾಷೆಯಲ್ಲಿ ಹೇಳುತ್ತದೆ: ಗುರುಗುಟ್ಟುವುದು ನಿಲ್ಲುತ್ತದೆ, ಬಾಲದ ತುದಿ ಮಿಡಿಯುತ್ತದೆ, ಬೆನ್ನಿನ ಚರ್ಮ ಅಲೆಯಂತೆ ಅದುರುತ್ತದೆ, ಕಿವಿಗಳು ಹಿಂದಕ್ಕೆ ಹೊರಳುತ್ತವೆ, ತಲೆ ಕೈಯ ಕಡೆಗೆ ತಿರುಗುತ್ತದೆ. ಇವುಗಳಲ್ಲಿ ಯಾವುದಕ್ಕೂ ಉತ್ತರ ಸಿಗದಿದ್ದರೆ ಕೊನೆಯ ಮಾತಾಗಿ ಹಲ್ಲು ಬರುತ್ತದೆ.

ಮೊದಲ ಸೂಚನೆಗೇ ಕೈಯನ್ನು ನಿಲ್ಲಿಸುವುದು ಇದಕ್ಕೆ ಮದ್ದು. ಕೆನ್ನೆ, ಗದ್ದ, ಕಿವಿಗಳ ಬುಡ ಇವು ಸಾಮಾನ್ಯವಾಗಿ ಬೆಕ್ಕಿಗೆ ಹಿತವಾದ ಸ್ಥಳಗಳು. ಹೊಟ್ಟೆ ಮತ್ತು ಬಾಲದ ಬುಡ ಹಾಗಲ್ಲ. ಬೆಕ್ಕು ಮಗುಚಿ ಹೊಟ್ಟೆ ತೋರಿಸಿತೆಂದರೆ ಮುಟ್ಟಲು ಕರೆಯಿತೆಂದು ಅರ್ಥವಲ್ಲ. ಚಿಕ್ಕ ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಡಬೇಕು. ಮಲಗಿದ, ಉಣ್ಣುತ್ತಿರುವ, ಮರಿಗಳ ಬಳಿಯಿರುವ ಬೆಕ್ಕನ್ನು ಮುಟ್ಟಬಾರದೆಂದೂ ಕಲಿಸಬೇಕು.

ಭಯ ಮತ್ತು ನೋವು

ಎರಡನೆಯ ದಾರಿಯ ಕಡಿತವೇ ಹೆಚ್ಚು ಆಳವಾದುದು. ಮನುಷ್ಯನ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಶಬ್ದ ಕೇಳಿದರೆ, ಬೆಕ್ಕಿಗೆ ಅದರ ಮೂರುಪಟ್ಟಿಗೂ ಹೆಚ್ಚಿನ ಕಂಪನದ ಶಬ್ದ ಕೇಳುತ್ತದೆ. ದೀಪಾವಳಿಯ ಪಟಾಕಿಗೆ ಬೆದರಿ ಅಟ್ಟದ ಮೂಲೆ ಸೇರಿದ ಬೆಕ್ಕನ್ನು ಸಮಾಧಾನಪಡಿಸಲೆಂದು ಎತ್ತಿಕೊಂಡವರು ಕಚ್ಚಿಸಿಕೊಳ್ಳುತ್ತಾರೆ. ಕಿಟಕಿಯಾಚೆ ಬೇರೊಂದು ಗಂಡುಬೆಕ್ಕನ್ನು ಕಂಡು ಕೆರಳಿದ ಬೆಕ್ಕು, ಅದು ಸಿಗದ ಕಾರಣ ಹತ್ತಿರ ಬಂದವರ ಮೇಲೆ ಎರಗುವುದೂ ಉಂಟು. ಆಗ ಕಣ್ಣಿನ ಪಾಪೆಗಳು ಹಿಗ್ಗಿ, ಕಿವಿಗಳು ತಲೆಗೆ ಅಂಟಿಕೊಂಡಿರುತ್ತವೆ. ಇಂತಹ ಬೆಕ್ಕನ್ನು ಮುಟ್ಟದೆ, ದೀಪವಾರಿಸಿ, ಬಾಗಿಲು ಮುಂದೂಡಿ, ಒಂಟಿಯಾಗಿ ಬಿಡಬೇಕು. ಅದು ತಣ್ಣಗಾಗಲು ಕೆಲವು ಗಂಟೆಗಳೇ ಬೇಕಾಗಬಹುದು.

ಎಂದೂ ಕಚ್ಚದ ಬೆಕ್ಕು ಹೊಸದಾಗಿ ಕಚ್ಚಲಾರಂಭಿಸಿದರೆ ನೋವನ್ನು ಶಂಕಿಸಬೇಕು. ಹಲ್ಲುನೋವು, ಕಿವಿಯ ಸೋಂಕು, ಕಾದಾಟದಲ್ಲಿ ಆಗಿ ಒಳಗೆ ಕೀವುಗಟ್ಟಿದ ಗಾಯ, ಮುದಿಬೆಕ್ಕಿನ ಕೀಲುನೋವು ಇವು ಹೊರಗೆ ಕಾಣುವುದಿಲ್ಲ. ಮುಟ್ಟಿದಾಗ ಮಾತ್ರ ಬಾಯಿ ಬರುತ್ತದೆ. ಇದಕ್ಕೆ ಪಶುವೈದ್ಯ ಆಸ್ಪತ್ರೆಯೇ ಸ್ಥಳ. ಗಂಡುಬೆಕ್ಕಿಗೆ ಬೀಜ ತೆಗೆಸಿದರೆ ಅದರ ಅಲೆದಾಟವೂ ಕಾದಾಟವೂ ಬಹಳ ಮಟ್ಟಿಗೆ ಇಳಿಯುತ್ತವೆ.

ತೆನಾಲಿ ರಾಮಕೃಷ್ಣನ ಬೆಕ್ಕು

ಹೊಡೆದರೆ ಬುದ್ಧಿ ಬಾರದೆ? ಇದಕ್ಕೆ ಉತ್ತರವನ್ನು ನಮ್ಮ ಕಥೆಗಳೇ ಹೇಳುತ್ತವೆ. ತೆನಾಲಿ ರಾಮಕೃಷ್ಣನು ತನ್ನ ಬೆಕ್ಕಿಗೆ ಕುದಿಯುವ ಹಾಲನ್ನು ಇಟ್ಟನಂತೆ. ಬಾಯಿ ಸುಟ್ಟುಕೊಂಡ ಬೆಕ್ಕು ಅಂದಿನಿಂದ ಹಾಲಿನ ಬಟ್ಟಲನ್ನು ಕಂಡೊಡನೆ ಓಡುತ್ತಿತ್ತಂತೆ. ಬೆಕ್ಕು ಕಲಿತದ್ದೇನು? ಬಿಸಿ ಬೇಡವೆಂದಲ್ಲ, ಹಾಲೇ ಬೇಡವೆಂದು. ಕಚ್ಚಿದ್ದಕ್ಕಾಗಿ ಹೊಡೆದಾಗಲೂ ಇದೇ ನಡೆಯುತ್ತದೆ. ಕಚ್ಚಬಾರದೆಂಬ ನೀತಿಯನ್ನು ಅದು ಕಲಿಯುವುದಿಲ್ಲ. ಮನುಷ್ಯನ ಕೈ ಬಂದರೆ ಪೆಟ್ಟು ಬರುತ್ತದೆಂದು ಕಲಿಯುತ್ತದೆ. ಆಟದ ಕಡಿತವಾಗಿದ್ದುದು ಭಯದ ಕಡಿತವಾಗಿ ಮಾರ್ಪಡುತ್ತದೆ.

ಬೆಕ್ಕು ಕೈಯನ್ನು ಹಿಡಿದುಕೊಂಡಾಗ ಕೈ ಕಿತ್ತುಕೊಳ್ಳಬಾರದು. ತಪ್ಪಿಸಿಕೊಳ್ಳುವ ಇಲಿಯೂ ಹಾಗೆಯೇ ಎಳೆಯುವುದರಿಂದ ಹಿಡಿತ ಬಿಗಿಯಾಗುತ್ತದೆ, ಗಾಯವೂ ಹರಿಯುತ್ತದೆ. ಕೈಯನ್ನು ಕ್ಷಣಕಾಲ ನಿಶ್ಚಲವಾಗಿಟ್ಟರೆ ಹಿಡಿತ ಸಡಿಲುತ್ತದೆ. ಅನಂತರ ಮಾತಿಲ್ಲದೆ ಎದ್ದುಹೋಗಬೇಕು. ಕಚ್ಚಿದರೆ ಆಟ ಮುಗಿಯಿತೆಂಬುದು ಒಡಹುಟ್ಟಿದ ಮರಿಗಳು ಕಲಿಸುವ ಪಾಠವೇ. ಮನೆಯವರೆಲ್ಲರೂ ಒಂದೇ ರೀತಿ ನಡೆದುಕೊಂಡರೆ ಕೆಲವು ವಾರಗಳಲ್ಲಿ ಫಲ ಕಾಣುತ್ತದೆ.

ಗಾಯವಾದಾಗ

ಇಲ್ಲಿಯವರೆಗೆ ಕಡಿತದ ಬಗೆಗಳನ್ನು ಬೇರೆಬೇರೆಯಾಗಿ ನೋಡಿದೆವು. ಗಾಯದ ವಿಷಯದಲ್ಲಿ ಮಾತ್ರ ಈ ಭೇದ ಸಲ್ಲದು. ಆಟದ ಕಡಿತವಾದರೂ ಚರ್ಮ ಸೀಳಿದ್ದರೆ ಅದು ಗಾಯವೇ. ಸೂಜಿಯಂತಹ ಹಲ್ಲು ಬೆಕ್ಕಿನ ಬಾಯಿಯಲ್ಲಿ ಸಹಜವಾಗಿರುವ ಪಾಸ್ಟರೆಲ್ಲ ಮುಂತಾದ ಬ್ಯಾಕ್ಟೀರಿಯಗಳನ್ನು ಆಳಕ್ಕೆ ಸೇರಿಸುತ್ತದೆ. ಮೇಲಿನ ತೂತು ಬೇಗ ಮುಚ್ಚಿಕೊಳ್ಳುತ್ತದೆ. ಒಂದೇ ದಿನದಲ್ಲಿ ಕೈ ಊದಿ ಕೆಂಪಾಗಬಹುದು. ಬೆರಳಿನ ಗಂಟಿನ ಬಳಿ ಕಚ್ಚಿದ್ದರಂತೂ ಊತ ಬರುವವರೆಗೆ ಕಾಯದೆ ವೈದ್ಯರಿಗೆ ತೋರಿಸಬೇಕು.

ಇದಕ್ಕಿಂತ ಭಯಂಕರವಾದುದು ರೇಬೀಸ್. ನಮ್ಮ ಭಾಷೆಯಲ್ಲಿ ಇದಕ್ಕೆ ಹುಚ್ಚುನಾಯಿ ರೋಗವೆಂಬ ಹೆಸರು ಬಂದುದರಿಂದ, ನಾಯಿ ಕಚ್ಚಿದರೆ ಮಾತ್ರ ಬರುತ್ತದೆಂಬ ತಪ್ಪು ಭಾವನೆ ಬೆಳೆದಿದೆ. ರೋಗ ತಗಲಿದ ಬೆಕ್ಕಿನಿಂದಲೂ ಇದು ಬರುತ್ತದೆ. ರೋಗದ ಲಕ್ಷಣಗಳು ತೋರಿದಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಅದಕ್ಕೆ ಮುಂಚೆ ಸರಿಯಾದ ಚಿಕಿತ್ಸೆಯಾದರೆ ರೋಗ ಬಾರದಂತೆ ತಡೆಯಬಹುದು. 1885ರಲ್ಲಿ ಲೂಯಿ ಪಾಸ್ಚರನು ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಲಸಿಕೆ ಕೊಟ್ಟು ಇದನ್ನು ತೋರಿಸಿದನು.

ಮಾಡಬೇಕಾದುದು ಇಷ್ಟು. ಗಾಯವನ್ನು ಕೂಡಲೇ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಬೇಕು. ಸುಣ್ಣ, ಕಾಫಿಪುಡಿ, ಮೆಣಸಿನಪುಡಿ, ಅರಿಸಿನ ಯಾವುದನ್ನೂ ಹಚ್ಚಬಾರದು. ಅಂದೇ ಆಸ್ಪತ್ರೆಗೆ ಹೋಗಬೇಕು. ಹೊಕ್ಕುಳ ಸುತ್ತ 14 ಚುಚ್ಚುಮದ್ದೆಂದು ಹಿರಿಯರು ಇಂದಿಗೂ ಹೆದರಿಸುತ್ತಾರೆ. ಆ ಹಳೆಯ ಲಸಿಕೆಯ ತಯಾರಿಕೆ ಭಾರತದಲ್ಲಿ 2004ರ ಕೊನೆಯ ವೇಳೆಗೆ ನಿಂತಿತು. ಈಗಿನ ಲಸಿಕೆಯನ್ನು ತೋಳಿಗೆ ಕೊಡುತ್ತಾರೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಬಳಿಕ 3, 7 ಮತ್ತು 28ನೆಯ ದಿನಗಳಲ್ಲಿ ಹೋಗಬೇಕು. ಹಲ್ಲು ಚರ್ಮವನ್ನು ಭೇದಿಸಿ ರಕ್ತ ಬಂದಿದ್ದರೆ ಇದರ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿರಕ್ಷೆಯನ್ನೂ ಚುಚ್ಚುತ್ತಾರೆ. ಒಂದೆರಡು ಸಲ ಹೋಗಿ ಬಿಟ್ಟುಬಿಡುವುದು ಸಲ್ಲದು. ಕರ್ನಾಟಕ ಸರ್ಕಾರವು 2022ರ ಡಿಸೆಂಬರಿನಲ್ಲಿ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ವಿಷಯದ ಗಾಂಭೀರ್ಯ ಇದರಿಂದಲೇ ತಿಳಿಯುತ್ತದೆ.

ಗೋಣಿಚೀಲದ ಉಪಾಯ ಏಕೆ ತಪ್ಪೆಂಬುದಕ್ಕೆ ಇಲ್ಲಿ ಇನ್ನೊಂದು ಕಾರಣ ದೊರೆಯುತ್ತದೆ. ಕಚ್ಚಿದ ಬೆಕ್ಕು ಕಣ್ಣೆದುರಿಗಿದ್ದರೆ ಅದನ್ನು 10 ದಿನ ಗಮನಿಸಬಹುದು. ಅಷ್ಟು ದಿನ ಆರೋಗ್ಯವಾಗಿದ್ದರೆ ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ರೇಬೀಸ್ ವೈರಸ್ ಇರಲಿಲ್ಲವೆಂದು ತಿಳಿಯುತ್ತದೆ. ಉಳಿದ ಚಿಕಿತ್ಸೆಯ ವಿಷಯವನ್ನು ವೈದ್ಯರು ನಿರ್ಧರಿಸುತ್ತಾರೆ. ಚಿಕಿತ್ಸೆಯನ್ನು ಮಾತ್ರ ಮೊದಲ ದಿನವೇ ಆರಂಭಿಸಿರಬೇಕು. ಊರಾಚೆ ಬಿಟ್ಟುಬಂದ ಬೆಕ್ಕಿನಿಂದ ಈ ತಿಳಿವು ದೊರೆಯುವುದಿಲ್ಲ. ಅದರ ಧ್ವನಿ ಬದಲಾಗಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ಕಾರಣವಿಲ್ಲದೆ ಕಂಡಕಂಡವರ ಮೇಲೆ ಎರಗುತ್ತಿದ್ದರೆ ಹತ್ತಿರ ಹೋಗದೆ ಪಶುವೈದ್ಯರಿಗೆ ತಿಳಿಸಬೇಕು. ರೋಗವನ್ನು ಪತ್ತೆಹಚ್ಚುವ ಪ್ರಯೋಗಾಲಯಗಳು ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿಯೂ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಉಂಟು.

ಮನೆಯ ಬೆಕ್ಕಿಗೆ ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದ ಅವಧಿಗೆ ಅದನ್ನು ಪುನಃ ಕೊಡಿಸಬೇಕು. ಹಾಗೆ ಮಾಡಿದ ಮನೆಯಲ್ಲಿಯೂ ಬೆಕ್ಕು ಕಚ್ಚಿದರೆ ಗಾಯವನ್ನು ತೊಳೆಯುವುದು, ವೈದ್ಯರಿಗೆ ತೋರಿಸುವುದು ಮೊದಲ ಕೆಲಸ; ಏಕೆ ಕಚ್ಚಿತೆಂದು ವಿಚಾರಿಸುವುದು ಎರಡನೆಯದು. ಕೈ ಕಟ್ಟಿಸಿಕೊಂಡು ಬಂದಮೇಲೆ, ಕಚ್ಚುವ ಮುಂಚೆ ಅದರ ಬಾಲವೂ ಕಿವಿಗಳೂ ಹೇಗಿದ್ದುವೆಂದು ಮನೆಯವರೆಲ್ಲರೂ ಕೂಡಿ ನೆನಪುಮಾಡಿಕೊಳ್ಳಲಿ. ಬಹಳ ಸಲ ಕಾರಣ ಅಲ್ಲಿಯೇ ಸಿಗುತ್ತದೆ.